ಕಡಿಮೆ ಪದಗಳ ಸರ್ಕ್ಯೂಟೇ ಒಳ್ಳೆಯ ಸರ್ಕ್ಯೂಟೇ?

ಲಾಜಿಕ್ ಸರ್ಕ್ಯೂಟುಗಳನ್ನು ಸರಳಗೊಳಿಸುವ ವಿದ್ಯೆ ಬೆಳೆದದ್ದು ಖರ್ಚಿನ ಲೆಕ್ಕದಿಂದ. ಜಾರ್ಜ್ ಬೂಲ್ 1854ರಲ್ಲಿ ತರ್ಕದ ಬೀಜಗಣಿತವನ್ನು ವಿಸ್ತಾರವಾಗಿ ಮಂಡಿಸಿದಾಗ ಅದಕ್ಕೂ ವಿದ್ಯುತ್ತಿಗೂ ನಂಟಿರಲಿಲ್ಲ. ರಿಲೇ ಮತ್ತು ಸ್ವಿಚ್ಚುಗಳ ಜೋಡಣೆಗೆ ಅದೇ ಬೀಜಗಣಿತ ಒಪ್ಪುತ್ತದೆ ಎಂದು ಕ್ಲಾಡ್ ಶ್ಯಾನನ್ 1938ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಅಲ್ಲಿಂದ ಮುಂದೆ ಸಮೀಕರಣದಲ್ಲಿ ಒಂದು ಪದ ಅಳಿಸಿದರೆ ಯಂತ್ರದಲ್ಲಿ ಅಷ್ಟು ಸಾಮಾನು ಉಳಿಯಿತು. 1953ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರಿಸ್ ಕಾರ್ನೊ ರೂಪಿಸಿದ ನಕ್ಷೆಯಲ್ಲಿ ಅಕ್ಕಪಕ್ಕದ ಮನೆಗಳ ನಡುವೆ ಬದಲಾಗುವುದು ಒಂದೇ ಚರ. ಎರಡರಲ್ಲೂ 1 ಇದ್ದರೆ ಆ ಚರವನ್ನು ಬಿಟ್ಟುಬಿಡಬಹುದು. ಚರಗಳು ಹೆಚ್ಚಾದಂತೆ ಕಣ್ಣು ಸೋಲುತ್ತದೆ. ಅಲ್ಲಿ ಕ್ವೈನ್ ಆರಂಭಿಸಿ ಮೆಕ್ಲಸ್ಕಿ 1956ರಲ್ಲಿ ವ್ಯವಸ್ಥಿತಗೊಳಿಸಿದ ಕೋಷ್ಟಕ ವಿಧಾನ ನೆರವಿಗೆ ಬರುತ್ತದೆ. ಈ ವಿಧಾನಗಳಲ್ಲಿ ದೋಷವಿಲ್ಲ. ಆದರೆ ಅವು ಉತ್ತರಿಸುವ ಪ್ರಶ್ನೆ ಒಂದೇ: ಎರಡು ಹಂತದ ಸರ್ಕ್ಯೂಟಿನಲ್ಲಿ ಎಷ್ಟು ಕಡಿಮೆ ಪದಗಳು ಸಾಕು? ಆ ಉತ್ತರವನ್ನೇ ಉತ್ತಮ ಸರ್ಕ್ಯೂಟ್ ಎಂದು ಒಪ್ಪಿಕೊಳ್ಳುವುದು ತಪ್ಪು ಎಂಬುದು ನನ್ನ ವಾದ.

ಪ್ಯಾರಿಟಿ ಸರ್ಕ್ಯೂಟನ್ನೇ ನೋಡೋಣ. ನಾಲ್ಕು ಇನ್‌ಪುಟ್‌ಗಳಲ್ಲಿ 1ರ ಸಂಖ್ಯೆ ಬೆಸವಾದಾಗ ಮಾತ್ರ ಔಟ್‌ಪುಟ್ 1 ಆಗಬೇಕು. ನಕ್ಷೆಯಲ್ಲಿ ಎಂಟು 1ಗಳು ಚದುರಂಗದ ಹಾಸಿನ ಕಪ್ಪು ಮನೆಗಳಂತೆ ಕೂರುತ್ತವೆ, ಯಾವ ಎರಡೂ ಒಟ್ಟುಗೂಡುವುದಿಲ್ಲ. ಎಂಟು ಪದಗಳೂ ಹಾಗೇ ಉಳಿಯುತ್ತವೆ. ಇದಕ್ಕಿಂತ ಸರಳ ಮಾಡಲಾಗದು ಎಂದು ನಕ್ಷೆ ಹೇಳುತ್ತದೆ. ಅದೇ ಕೆಲಸವನ್ನು ಮೂರು ಎಕ್ಸ್‌ಆರ್ ಗೇಟುಗಳು ಮಾಡುತ್ತವೆ. ಇನ್‌ಪುಟ್ ಎಂಟಾದರೆ ಒಂದು ಕಡೆ 128 ಪದಗಳು, ಇನ್ನೊಂದು ಕಡೆ ಏಳೇ ಗೇಟುಗಳು. ಎಕ್ಸ್‌ಆರ್ ಗೇಟು ಒಳಗೆ ಹೆಚ್ಚು ಟ್ರಾನ್ಸಿಸ್ಟರ್ ಬೇಡುತ್ತದೆ, ನಿಜ. ಆದರೂ ಈ ಅಂತರವನ್ನು ಅದು ತುಂಬಲಾರದು.

ಇನ್ನೂ ಗಟ್ಟಿ ಸಾಕ್ಷ್ಯವಿದೆ. ಎ 1 ಆಗಿದ್ದಾಗ ಬಿ, 0 ಆಗಿದ್ದಾಗ ಸಿ ಔಟ್‌ಪುಟ್‌ಗೆ ಹೋಗುವ ಸರ್ಕ್ಯೂಟಿಗೆ ಎರಡು ಪದ ಸಾಕು. ಬಿ, ಸಿ ಎರಡೂ 1 ಆಗಿರುವಾಗ ಎ 1ರಿಂದ 0ಗೆ ಇಳಿಯಿತೆನ್ನಿ. ಔಟ್‌ಪುಟ್ 1 ಆಗಿಯೇ ಇರಬೇಕು. ಆದರೆ ನಾಟ್ ಗೇಟಿನ ವಿಳಂಬದಿಂದಾಗಿ ಮೊದಲ ಪದ ಆರಿದ ಮೇಲೆ ಎರಡನೆಯದು ಹೊತ್ತುತ್ತದೆ. ನಡುವೆ ಔಟ್‌ಪುಟ್ ಕ್ಷಣಕಾಲ 0ಗೆ ಬೀಳಬಹುದು. ಬಿ ಮತ್ತು ಸಿ ಸೇರಿದ ಮೂರನೆಯ ಪದವನ್ನು ಉಳಿಸಿಕೊಂಡರೆ ಈ ಕುಸಿತ ತಪ್ಪುತ್ತದೆ. ನಕ್ಷೆ ಅನಗತ್ಯವೆಂದು ತೆಗೆದುಹಾಕುವುದು ಸರಿಯಾಗಿ ಆ ಪದವನ್ನೇ. ಕ್ಲಾಕ್‌ಗೆ ಕಟ್ಟುಬಿದ್ದ ವಿನ್ಯಾಸದಲ್ಲಿ ಮುಂದಿನ ಬಡಿತದೊಳಗೆ ಔಟ್‌ಪುಟ್ ನೆಲೆಗೊಂಡರೆ ಸಾಕಲ್ಲ ಎಂದು ಕೇಳಬಹುದು. ಅನೇಕ ಕಡೆ ಸಾಕು. ಆದರೆ ಆ ಔಟ್‌ಪುಟ್ ಯಾವುದಾದರೂ ಲ್ಯಾಚಿನ ಎನೇಬಲ್‌ಗೋ ರೀಸೆಟ್‌ಗೋ ಹೋಗುತ್ತಿದ್ದರೆ ಆ ಒಂದು ಕ್ಷಣವೇ ತಪ್ಪು ದತ್ತಾಂಶಕ್ಕೆ ಕಾರಣವಾಗಬಹುದು. ಸಿಮಾಸ್ ಚಿಪ್ಪಿನಲ್ಲಿ ಪ್ರತಿ ವ್ಯರ್ಥ ಏರಿಳಿತವೂ ವಿದ್ಯುತ್ ತಿನ್ನುತ್ತದೆ.

ಇದನ್ನೆಲ್ಲ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ, ಕೈಲೆಕ್ಕ ಏಕೆ ಎಂಬ ಆಕ್ಷೇಪವೂ ಇದೆ. 1980ರ ದಶಕದಲ್ಲಿ ರೂಪುಗೊಂಡ ಎಸ್ಪ್ರೆಸೊ ಎಂಬ ಸರಳೀಕರಣ ಸಾಫ್ಟ್‌ವೇರ್ ವೇಗವಾಗಿ ಉತ್ತರ ಕೊಡುತ್ತದೆ. ಅದು ಕನಿಷ್ಠವೇ ಎಂಬ ಭರವಸೆ ಮಾತ್ರ ಕೊಡುವುದಿಲ್ಲ. ಇಂದಿನ ಸಿಂಥೆಸಿಸ್ ಉಪಕರಣಗಳು ಜಾಗ, ವೇಗ, ವಿದ್ಯುತ್ತು ಮೂರನ್ನೂ ತೂಗಬಲ್ಲವು. ಆದರೆ ಯಾವುದಕ್ಕೆ ಎಷ್ಟು ಮಿತಿ ಎಂದು ಹೇಳಬೇಕಾದವರು ವಿನ್ಯಾಸಕಾರರು. ಆದ್ದರಿಂದ ಅಧ್ಯಾಪಕರಲ್ಲಿ ನನ್ನ ವಿನಂತಿ: ಕಾರ್ನೊ ನಕ್ಷೆಯನ್ನು ಕಲಿಸುತ್ತಲೇ ಇರಿ, ಆದರೆ ಪರೀಕ್ಷೆಯಲ್ಲಿ ಬರೀ “ಸರಳಗೊಳಿಸಿ” ಎಂದು ಕೇಳಬೇಡಿ. ಯಾವ ಖರ್ಚನ್ನು ಇಳಿಸಬೇಕೆಂದು ಪ್ರಶ್ನೆಯಲ್ಲೇ ಬರೆಯಿರಿ.