ಸೀಲ್ ಒಲಿದದ್ದು ಯಾರಿಗೆ?



ಅರ್ಧ ಗಂಟೆಯನ್ನು ಮೀರಿದರೆ ಕಾಫಿ ಆರಿಹೋಗುವುದೆಂದು ಮೊದಲೇ ಎಚ್ಚರಿಸಿರುವ ಸಂಚಾಲಕರಿಗೆ ವಂದಿಸಿ ಆರಂಭಿಸುವೆನು. ಅಲಾಸ್ಕದ ಯೂಪಿಕ್ ಜನರ ಬೇಟೆಯನ್ನು ಕುರಿತು ಮಾತನಾಡುವ ಅಧಿಕಾರ ನನಗಿಂತ ಮುಂದಿನ ಸಾಲಿನ ಇಬ್ಬರು ಮಿತ್ರರಿಗೆ ಹೆಚ್ಚಾಗಿ ಉಂಟು. ಆದರೆ ವಯಸ್ಸಿಗೆ ಸಲ್ಲುವ ಮರ್ಯಾದೆಯನ್ನು ಬೇಡವೆನ್ನುವಷ್ಟು ವಿನಯವಂತನು ನಾನಲ್ಲ.

ಅಲಾಸ್ಕದ ನೈರುತ್ಯದಲ್ಲಿ, ಯೂಕಾನ್ ಮತ್ತು ಕುಸ್ಕೊಕ್ವಿಮ್ ನದಿಗಳು ಬೇರಿಂಗ್ ಸಮುದ್ರವನ್ನು ಸೇರುವ ವಿಸ್ತಾರವಾದ ಮುಖಜಭೂಮಿಯಲ್ಲಿ, ಸೀಲಿನ ಚರ್ಮ ಹೊದಿಸಿದ ಕಯಾಕಿನ ಸ್ಥಾನಕ್ಕೆ ಮೋಟಾರು ಕಟ್ಟಿದ ಅಲ್ಯೂಮಿನಿಯಂ ದೋಣಿಯೂ, ನಾಯಿಗಳೆಳೆಯುವ ಜಾರುಬಂಡಿಯ ಸ್ಥಾನಕ್ಕೆ 1960ರ ದಶಕದಿಂದೀಚೆಗೆ ಸ್ನೋಮೊಬೈಲೂ, ದಾರಿ ಬಲ್ಲ ಹಿರಿಯನ ಪಕ್ಕಕ್ಕೆ ಜಿಪಿಎಸ್ಸೂ ಬಂದುವೆಂಬ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಇದನ್ನು ನಾವು ಸಾಮಾನುಗಳ ಪಟ್ಟಿಯಾಗಿ ಮಾತ್ರ ಹೇಳುತ್ತ ಬಂದಿದ್ದೇವೆಂಬುದೇ ನನ್ನ ಬಹುಕಾಲದ ತಕರಾರು. 1877ರಿಂದ 1881ರವರೆಗೆ ಸೇಂಟ್ ಮೈಕೇಲಿನಲ್ಲಿ ಹವಾವೀಕ್ಷಕನಾಗಿದ್ದು ಸುಮಾರು 10,000 ವಸ್ತುಗಳನ್ನು ಸ್ಮಿತ್‌ಸೋನಿಯನ್ ಸಂಸ್ಥೆಗೆ ಕೂಡಿಹಾಕಿದ ಎಡ್ವರ್ಡ್ ನೆಲ್ಸನ್ನನನ್ನು ಅಲ್ಲಿಯ ಜನ ‘ಕೆಲಸಕ್ಕೆ ಬಾರದ್ದನ್ನು ಕೊಳ್ಳುವವನು’ ಎಂದು ಕರೆದರಂತೆ. ಅವನ ಋಣ ನಮ್ಮೆಲ್ಲರ ಮೇಲಿದೆ. ಆದರೂ ಆ ಕಪಾಟುಗಳ ಮುಂದೆ ನಿಂತೇ ನಮ್ಮ ಮಾನವಶಾಸ್ತ್ರ ಬೆಳೆದುದರಿಂದ, ಬೇಟೆಯೆಂದರೆ ಬೇಟೆಯ ಉಪಕರಣವೆಂಬ ಭ್ರಾಂತಿ ನಮ್ಮನ್ನು ಬಿಡಲಿಲ್ಲ. ಫಿನ್‌ಲ್ಯಾಂಡಿನ ಸ್ಕೋಲ್ಟ್ ಸಾಮಿಗಳಲ್ಲಿ ಯಂತ್ರದಿಂದ ಹುಟ್ಟಿದ ಅಸಮಾನತೆಯನ್ನು 1973ರಲ್ಲಿಯೇ ತೋರಿಸಿದ ಪೆಲ್ಟೊ, ನೆಲ್ಸನ್ ದ್ವೀಪದ ಹಿರಿಯರ ಮಾತನ್ನು ದಶಕಗಳ ಕಾಲ ಕೇಳಿದ ಆ್ಯನ್ ಫೀನಪ್-ರಿಯೋರ್ಡನ್, ಇವರು ಈ ದೋಷಕ್ಕೆ ಹೊರತು. ಅವರನ್ನು ಕುರಿತು ನನ್ನ ಎಡಗಡೆಯ ಪ್ರಾಧ್ಯಾಪಕರು ಮಧ್ಯಾಹ್ನ ಹೇಳುವರಾದ್ದರಿಂದ ನಾನು ಮುಂದೆ ಸಾಗುವೆನು.

ಒಮ್ಮೆ ಮೌಖಿಕ ಪರೀಕ್ಷೆಯೊಂದರಲ್ಲಿ ಅಭ್ಯರ್ಥಿಯೊಬ್ಬರು ಹಾರ್ಪೂನನ್ನು ‘ಗತಿಸಿದ ಆಯುಧಗಳು’ ಎಂಬ ಕೋಷ್ಟಕದಲ್ಲಿ ಸೇರಿಸಿದ್ದರು. ಗುಂಡು ತಗುಲಿದ ಸೀಲನ್ನು ದೋಣಿಗೆ ತರುವ ಬಗೆ ಹೇಗೆಂದು ಕೇಳಲು, “ಸರ್, ಅದು ತೇಲುವುದಲ್ಲವೇ?” ಎಂದರು. ವಸಂತದಲ್ಲಿ ಕೊಬ್ಬು ಕರಗಿದ ಸೀಲ್ ಮುಳುಗುವುದು. ಮುಳುಗುವ ಮೊದಲೇ ಹಾರ್ಪೂನ್ ನಾಟಬೇಕು. ರೈಫಲ್ ಬಂದಿತೆಂದು ಹಾರ್ಪೂನು ಹೋಗಲಿಲ್ಲ. ಆ ಯುವಕರು ಈಗ ಎಲ್ಲಿಯೋ ಒಳ್ಳೆಯ ಅಧ್ಯಾಪಕರಾಗಿರುವರೆಂದು ಕೇಳಿ ಸಂತೋಷಪಟ್ಟಿದ್ದೇನೆ.

ಇನ್ನು ನನ್ನನ್ನು ಬಿಡದೆ ಕಾಡುವ ಪ್ರಶ್ನೆ. ಯೂಪಿಕ್ ಹಿರಿಯರ ತಿಳಿವಿನಲ್ಲಿ ಸೀಲನ್ನು ಬೇಟೆಗಾರನು ಗೆಲ್ಲುವುದಿಲ್ಲ. ಅದು ತಾನಾಗಿ ಅವನಿಗೆ ಒಲಿಯುವುದು. ಬೆಳಗಿನ ಜಾವ ಎದ್ದು ಪರರ ಬಾಗಿಲ ಹಿಮವನ್ನು ತೋಡಿದ ಹುಡುಗನು ಪ್ರಾಣಿಗಳು ಬರುವ ದಾರಿಯನ್ನೇ ತೆರವು ಮಾಡುತ್ತಿದ್ದನು. ಸತ್ತ ಸೀಲಿನ ಬಾಯಿಗೆ ಸಿಹಿನೀರನ್ನೆರೆಯುತ್ತಿದ್ದರು. ಆತ್ಮ ನೆಲಸಿದ ಮೂತ್ರಕೋಶಗಳನ್ನು ಚಳಿಗಾಲದ ಉತ್ಸವದಲ್ಲಿ ಸತ್ಕರಿಸಿ ಮಂಜುಗಡ್ಡೆಯ ರಂಧ್ರದಿಂದ ಕಡಲಿಗೆ ಮರಳಿಸುತ್ತಿದ್ದರು. ಕಯಾಕನ್ನೂ ಒಡೆಯನ ಮೈಯಳತೆಗೇ ಕಟ್ಟುತ್ತಿದ್ದುದರಿಂದ, ಯಾರಿಗೆ ಒಲಿಯಿತೆಂಬ ಸಂದೇಹಕ್ಕೆ ಎಡೆಯೇ ಇರಲಿಲ್ಲ.

ಇಂದು ಪೆಟ್ರೋಲಿಗೆ ಹಣ ಬೇಕು. ಹಣವುಳ್ಳ ನೌಕರನಿಗೆ ಬಿಡುವಿಲ್ಲ. ಬಿಡುವುಳ್ಳ ಭಾವಮೈದುನನಿಗೆ ಹಣವಿಲ್ಲ. ಒಬ್ಬನು ಕೊಡುವನು, ಮತ್ತೊಬ್ಬನು ಹೋಗುವನು. ಅಲಾಸ್ಕದ ಗ್ರಾಮಗಳಲ್ಲಿ ಶೇಕಡ 30ರಷ್ಟು ಮನೆಗಳು ಶೇಕಡ 70ರಷ್ಟು ಆಹಾರವನ್ನು ದೊರಕಿಸುವುವೆಂದು ರಾಬರ್ಟ್ ವುಲ್ಫ್ ಗುರುತಿಸಿದ್ದು ಈ ಬಗೆಯ ಕೂಡುಬಾಳಿನ ಒಂದು ಮುಖ. ಹಾಗಾದರೆ ಆ ಸೀಲ್ ಒಲಿದದ್ದು ಯಾರಿಗೆ? ನೆಲ್ಸನ್ ದ್ವೀಪದಲ್ಲಿ ವಸಂತದ ಮೊದಲ ಸೀಲುಗಳ ಮಾಂಸವನ್ನೂ ಎಣ್ಣೆಯನ್ನೂ ಬೇಟೆಗಾರನ ಮನೆಯ ಹೆಂಗಸರು ಊರಿಗೆ ಹಂಚುವರಷ್ಟೆ. ಪೆಟ್ರೋಲು ಕೊಟ್ಟವನ ಹೆಂಡತಿ ಆ ದಿನ ಹಂಚುವ ಸಾಲಿನಲ್ಲಿ ನಿಲ್ಲಬೇಕೋ, ಸ್ವೀಕರಿಸುವ ಸಾಲಿನಲ್ಲೋ?

ಪೆಟ್ರೋಲು ಕೊಡುವುದೇ ಇಂದಿನ ಹಿಮ ತೋಡುವ ಕೆಲಸವೆಂದು ಒಮ್ಮೊಮ್ಮೆ ನನಗೆ ತೋರುವುದುಂಟು. ಮರುಗಳಿಗೆಗೇ ಅದು ತೀರ ಅನುಕೂಲವಾದ ಉತ್ತರವೆಂದು ಶಂಕೆಯಾಗುವುದು, ಏಕೆಂದರೆ ಹಿಮ ತೋಡಿದ್ದಕ್ಕೆ ರಸೀದಿಯಿರಲಿಲ್ಲ. ಈಗ ಮೊದಲನೆಯ ಪ್ರಬಂಧವನ್ನು ಮಂಡಿಸುವ ಮಿತ್ರರು ತಮ್ಮ ಕೋಷ್ಟಕದಲ್ಲಿ ದೋಣಿಗೂ ಬಂದೂಕಿಗೂ ಅಂಕಣಗಳನ್ನು ಬಿಟ್ಟಿರುವುದನ್ನು ನಿನ್ನೆಯೇ ನೋಡಿದೆನು. ಹಣ ಕೊಟ್ಟವರಿಗೆ ಅಂಕಣವೇಕಿಲ್ಲವೆಂಬುದನ್ನು ಅವರೇ ತಿಳಿಸಲೆಂದು ಪ್ರಾರ್ಥಿಸಿ, ವೇದಿಕೆಯನ್ನು ಅವರಿಗೆ ಬಿಟ್ಟುಕೊಡುವೆನು.