ಸಂಬಂಧ ಅಂದರೆ ಬರೀ ನೆಂಟಸ್ತಿಕೆ ಅಲ್ಲ

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



‘ಸಂಬಂಧ’ ಎಂಬ ಮಾತನ್ನು ನಾವು ಎಷ್ಟು ರೀತಿಯಲ್ಲಿ ಬಳಸುತ್ತೇವೆ ನೋಡಿ. ಮಗಳಿಗೆ ಗಂಡು ನೋಡುವಾಗ “ಒಳ್ಳೇ ಸಂಬಂಧ ಬಂದಿದೆ” ಅಂತೀವಿ. ಕಚೇರಿಗೆ ಹೋದರೆ “ಸಂಬಂಧಪಟ್ಟವರು ಇಲ್ಲ, ನಾಳೆ ಬನ್ನಿ” ಅಂತಾರೆ. ಹೆಣ್ಣೊಬ್ಬಳು ಯಾರ ಜೊತೆಗಾದರೂ ನಕ್ಕು ಮಾತಾಡಿದರೆ ಊರವರು ಇದೇ ಮಾತನ್ನು ಕೆಟ್ಟ ಅರ್ಥದಲ್ಲಿ ಪಿಸುಗುಟ್ಟುತ್ತಾರೆ. ಜಗಳವಾದರೆ “ನಿನಗೂ ನನಗೂ ಸಂಬಂಧ ಇಲ್ಲ” ಎಂದು ಮುಗಿಸಿಬಿಡುತ್ತೇವೆ.

ಸಂಬಂಧ ಎಂದರೆ ಒಟ್ಟಿಗೆ ಕಟ್ಟಿದ್ದು ಎಂದರ್ಥ. ಕನ್ನಡದಲ್ಲಿ ಅದನ್ನೇ ನಂಟು ಅಂತೀವಿ. ನೆಂಟರು ಎಂಬ ಮಾತೂ ಅದೇ ಬೇರಿನದು. ಆದರೆ ನೆಂಟರು ಮಾತ್ರವೇ ಸಂಬಂಧಿಕರೇ? “ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ” ಎಂಬ ಗಾದೆಯನ್ನು ಭತ್ತ ಬೆಳೆಯುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಮಹಾದೇವಿ 12ನೇ ಶತಮಾನದಲ್ಲಿ ಮನೆ ಬಿಟ್ಟು ಕಲ್ಯಾಣಕ್ಕೆ ಹೋದರು. ಅಲ್ಲಿ ಅವರನ್ನು ಪ್ರಶ್ನೆ ಕೇಳಿ ಪರೀಕ್ಷಿಸಿದ ಅಲ್ಲಮಪ್ರಭುಗಳೂ ನಮ್ಮ ಬಳ್ಳಿಗಾವಿಯವರೇ. ವಯಸ್ಸಿನಲ್ಲಿ ಚಿಕ್ಕವರಾದರೂ ಶರಣರೆಲ್ಲ ಅವರನ್ನು ‘ಅಕ್ಕ’ ಎಂದರು. ಅದು ರಕ್ತದಿಂದಲ್ಲ, ಗೌರವದಿಂದ ಬಂದ ಸಂಬಂಧ. ಯೇಸುಸ್ವಾಮಿಯೂ ಶಿಲುಬೆಯ ಮೇಲಿದ್ದಾಗ ತಮ್ಮ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದರು. ಆ ಶಿಷ್ಯ ಮರಿಯಮ್ಮನವರನ್ನು ತನ್ನ ಮನೆಗೇ ಸೇರಿಸಿಕೊಂಡನು.

ನಮ್ಮ ಸಂಘವೂ ಇಂಥ ಸಂಬಂಧವೇ. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಒಡವೆ, ಜಮೀನು ಅಡವಿಡದೆ ಸಂಘಕ್ಕೆ ಸಾಲ ಸಿಕ್ಕಿದ್ದು ಯಾವ ಧೈರ್ಯದ ಮೇಲೆ? ಸದಸ್ಯರು ಒಬ್ಬರಿಗೊಬ್ಬರು ಆಗುತ್ತಾರೆ ಎಂಬ ಧೈರ್ಯದ ಮೇಲೆ. ನಮ್ಮ ಸಂಬಂಧವೇ ನಮ್ಮ ಅಡಮಾನ.

ಇದನ್ನು ತಿಳಿದೂ ನಾವು ಎಡವಿದ್ದುಂಟು. ನಮ್ಮ ಒಂದು ಸಂಘದಲ್ಲಿ ಗಂಡ ತೀರಿಕೊಂಡ ಸದಸ್ಯೆಯೊಬ್ಬಳು ಮೂರು ಕಂತು ಕಟ್ಟಲಿಲ್ಲ, ಸಭೆಗೂ ಬರಲಿಲ್ಲ. “ಅವಳಿಗೂ ನಮಗೂ ಸಂಬಂಧ ಇಲ್ಲ, ಹೆಸರು ತೆಗೀರಿ” ಎಂದು ಠರಾವು ಬರೆಯಲು ಹೊರಟಿದ್ದೆವು. ಆಗ ಒಬ್ಬ ಹಿರಿಯಮ್ಮ ಕೇಳಿದರು: “ಅವಳ ಮನೆಗೆ ಹೋಗಿ ಬಂದೋರು ಯಾರ್ರೇ?” ಯಾರೂ ಹೋಗಿರಲಿಲ್ಲ. ಅಂದು ಸಂಜೆಯೇ ಐದು ಜನ ಹೋದೆವು. ದುಡ್ಡಿಲ್ಲದೆ ಮುಖ ತೋರಿಸುವುದು ಹೇಗೆ ಎಂದು ಅವಳು ಒಳಗೇ ಕೂತಿದ್ದಳು. ಕಂತು ಸಣ್ಣದು ಮಾಡಿ, ಅವಧಿ ಹೆಚ್ಚಿಸಿದೆವು. ತಡವಾದರೂ ಸಾಲ ತೀರಿತು.

ಸಂಬಂಧದ ಹೆಸರಲ್ಲಿ ಸಾಲ ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಲೆಕ್ಕ ಲೆಕ್ಕವೇ. ಆದರೆ ಲೆಕ್ಕದ ಪುಸ್ತಕ ತೆರೆಯುವ ಮೊದಲು ಅವಳ ಮನೆ ಬಾಗಿಲು ತಟ್ಟೋಣ.

ಮುಂದಿನ ಸಭೆಯಲ್ಲಿ ಹಾಜರಿ ಕರೆಯುವಾಗ, ಬಾರದವರ ಹೆಸರಿನ ಮುಂದೆ ‘ಗೈರು’ ಎಂದು ಬರೆದು ಸುಮ್ಮನಾಗುವುದು ಬೇಡ. ಅವರ ಮನೆಗೆ ಹೋಗಿ ಬರುವವರು ಯಾರು ಎಂಬುದನ್ನೂ ಪಕ್ಕದಲ್ಲೇ ಬರೆಯೋಣ.