ಹಿತ್ತಲ ಕೋಳಿಗೆ ಹೇನು, ನುಸಿ: ಮನೆಯ ಲೆಕ್ಕದ ಒಂದು ಮಾತು

(ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಬ್ಬಿನ ಬಾಕಿ, ರಾಗಿಯ ಬೆಲೆ, ಸೊಸೈಟಿ ಸಾಲ ಎಲ್ಲ ಬಿಟ್ಟು ಇವನು ಕೋಳಿ ಹೇನಿನ ಮಾತು ತೆಗೆದನಲ್ಲ ಅಂತ ನಗಬೇಡಿ. ಉಪ್ಪು, ಸೋಪು, ಮಕ್ಕಳ ಪೆನ್ಸಿಲ್ಲು, ಜ್ವರದ ಮಾತ್ರೆ, ಈ ಚಿಲ್ಲರೆ ಖರ್ಚು ನಮ್ಮ ಎಷ್ಟೋ ಮನೆಗಳಲ್ಲಿ ನಡೆಯೋದು ಹಿತ್ತಲ ಕೋಳಿಯಿಂದ. ಆ ಕಾಸಿಗೆ ಬಡ್ಡಿ ಇಲ್ಲ, ಜಾಮೀನು ಇಲ್ಲ. ಆ ಕಾಸು ನಿಂತ ದಿನ ಅಂಗಡಿಯಲ್ಲಿ ಉದ್ದರಿ ಶುರುವಾಗುತ್ತೆ. ಉದ್ದರಿಯೇ ಸಾಲದ ಮೊದಲ ಮೆಟ್ಟಿಲು.

ನಮ್ಮ ಮನೆಯದೇ ಹೇಳ್ತೀನಿ. ಒಂದು ಬೇಸಿಗೆಯಲ್ಲಿ ಹನ್ನೆರಡು ಮೊಟ್ಟೆ ಇಟ್ಟು ಹೇಂಟೆಯನ್ನು ಕಾವಿಗೆ ಕೂರಿಸಿದ್ದೆವು. ಹದಿನೈದನೇ ದಿನ ಅದು ಬುಟ್ಟಿ ಬಿಟ್ಟು ಎದ್ದುಹೋಯ್ತು. ಮತ್ತೆ ಕೂರಿಸಿದರೆ ಮತ್ತೆ ಎದ್ದಿತು. ಹಾವು ಹೆದರಿಸಿರಬೇಕು ಅಂದರು ಕೆಲವರು, ದೃಷ್ಟಿ ತಾಗಿದೆ ಅಂದರು ಕೆಲವರು. ಹನ್ನೆರಡು ಮೊಟ್ಟೆಯೂ ಕೆಟ್ಟವು. ಬುಟ್ಟಿಯ ಹುಲ್ಲು ಎತ್ತಿ ನೋಡಿದರೆ, ಸಾಸಿವೆಗಿಂತ ಸಣ್ಣ ಕೆಂಪು ಹುಳು ಗುಂಪುಗುಂಪಾಗಿ ಹರಿದಾಡ್ತಿವೆ! ಆಗ ನಾನು ಮಾಡಿದ ತಪ್ಪು ಕೇಳಿ. ಹೊಲಕ್ಕೆ ತಂದ ಔಷಧಿ ಮಿಕ್ಕಿತ್ತು; ನೀರಿಗೆ ಬೆರೆಸಿ ಕೋಳಿಗಳ ಮೇಲೇ ಹೊಡೆದೆ. ಬೆಳಗಾಗುವಷ್ಟರಲ್ಲಿ ಐದು ಕೋಳಿ ಸತ್ತು ಬಿದ್ದಿದ್ದವು. ನುಸಿ ಮಾತ್ರ ಗೂಡಿನ ಸಂದಿಯಲ್ಲಿ ಸುಖವಾಗಿತ್ತು. ನಮ್ಮವಳು ಒಂದು ಮಾತೂ ಬೈಯಲಿಲ್ಲ. ಆ ತಿಂಗಳು ಅಂಗಡಿಯ ಪುಸ್ತಕದಲ್ಲಿ ನಮ್ಮ ಲೆಕ್ಕ ಏರಿತು, ಅಷ್ಟೆ.

ಆದ್ದರಿಂದ ಮೊದಲು ಶತ್ರು ಯಾರು ಅಂತ ಗುರುತು ಹಿಡಿಯಿರಿ. ಹೇನು ಬೇರೆ, ನುಸಿ ಬೇರೆ.

ಹೇನು ಹುಟ್ಟಿ ಸಾಯೋದೆಲ್ಲ ಕೋಳಿಯ ಮೈಮೇಲೇ. ಹಗಲು ಹೊತ್ತು ರೆಕ್ಕೆಯ ಕೆಳಗೆ, ಹಿಂಭಾಗದಲ್ಲಿ ಪುಕ್ಕ ಬಿಡಿಸಿ ನೋಡಿ. ಒಣಹುಲ್ಲಿನ ಬಣ್ಣದ ಹುಳು ಓಡುತ್ತೆ, ಪುಕ್ಕದ ಬುಡದಲ್ಲಿ ಬಿಳಿ ಸೀರು ಗೊಂಚಲಾಗಿ ಅಂಟಿರುತ್ತೆ. ಕೋಳಿಯಿಂದ ಕೆಳಗೆ ಬಿದ್ದ ಹೇನು ಸುಮಾರು ಒಂದು ವಾರದೊಳಗೆ ಸಾಯುತ್ತೆ. ಅದು ನಮ್ಮ ತಲೆಯಲ್ಲಿ ನೆಲೆಸುವ ಹೇನಲ್ಲ.

ಕೆಂಪು ನುಸಿಯ ಕತೆಯೇ ಬೇರೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮ ತೆಂಗಿಗೂ ಬಂದ ನುಸಿಯನ್ನು ನೀವು ಮರೆತಿಲ್ಲ. ಇದು ಅದರ ದೂರದ ದಾಯಾದಿ. ಹಗಲೆಲ್ಲ ಗೂಡಿನ ಬಿರುಕು, ಬಿದಿರಿನ ಸಂದಿ, ಬುಟ್ಟಿಯ ಹೆಣಿಗೆಯಲ್ಲಿ ಅಡಗಿರುತ್ತೆ. ರಾತ್ರಿ ಬಂದು ಕೋಳಿಯ ರಕ್ತ ಹೀರಿ ಹೋಗುತ್ತೆ. ಕೋಳಿಯ ಜುಟ್ಟು ಬಿಳಿಚಿಕೊಳ್ಳುತ್ತೆ, ಮೊಟ್ಟೆ ಕಡಿಮೆಯಾಗುತ್ತೆ, ಮರಿ ರಕ್ತವಿಲ್ಲದೆ ಸಾಯಲೂಬಹುದು. ಸೆಕೆಯಲ್ಲಿ ಏಳರಿಂದ ಹತ್ತು ದಿನಕ್ಕೇ ಒಂದು ತಲೆಮಾರು ಬೆಳೆಯುತ್ತೆ. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕಬಲ್ಲದು. ಗೂಡನ್ನು ನಾಲ್ಕು ದಿನ ಖಾಲಿ ಬಿಟ್ಟರೆ ಸತ್ತೀತು ಅನ್ನೋದು ಸುಳ್ಳು. ಮನುಷ್ಯರನ್ನೂ ಕಚ್ಚುತ್ತೆ.

ಇನ್ನೊಂದು ಜಾತಿಯ ನುಸಿ ಹಗಲೂ ರಾತ್ರಿ ಮೈಮೇಲೇ ಇದ್ದು ಹಿಂಭಾಗದ ಪುಕ್ಕವನ್ನು ಕರ್ರಗೆ ಮಾಡುತ್ತೆ. ಕಾಲಿನ ನುಸಿ ಕಾಲಿನ ಹುರುಪೆಯನ್ನು ಎಬ್ಬಿಸುತ್ತೆ. ಆದರೆ ನಾಲ್ಕು ದಿನದಲ್ಲಿ ಊರಿನ ಕೋಳಿಯೆಲ್ಲ ಮುದುಡಿ ಸತ್ತರೆ ಅದು ಹೇನಲ್ಲ, ಕೊಕ್ಕರೆ ರೋಗವಿರಬಹುದು. ತಡಮಾಡದೆ ಪಶು ಆಸ್ಪತ್ರೆಗೆ ತಿಳಿಸಿ.

ಪರೀಕ್ಷೆ ಸುಲಭ. ರಾತ್ರಿ ಊಟವಾದ ಮೇಲೆ ಬ್ಯಾಟರಿ ಹಿಡಿದು ಹೋಗಿ. ಕೋಳಿ ಕೂರುವ ಬಿದಿರಿನ ಅಡಿಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ. ರಕ್ತದ ಗೆರೆ ಬಿತ್ತೋ, ನುಸಿ ಇದೆ ಅಂತಲೇ ಲೆಕ್ಕ.

ಈಗ ಮದ್ದಿನ ಮಾತು. ಕೋಳಿಗಿಂತ ಮೊದಲು ಗೂಡಿಗೆ ಮದ್ದು ಮಾಡಿ. ಹಳೇ ಹುಲ್ಲನ್ನು ದೂರ ಒಯ್ದು ಸುಡಿ. ಬಿದಿರು, ಬುಟ್ಟಿಗೆ ಕುದಿಯುವ ನೀರು ಹೊಯ್ದು ಬಿಸಿಲಿಗೆ ಹಾಕಿ. ಸಂದಿಗಳನ್ನು ಮಣ್ಣಿನಿಂದ ಮುಚ್ಚಿ ಗೋಡೆಗೆ ಸುಣ್ಣ ಬಳಿಯಿರಿ. ಅದು ಪೂರಾ ಒಣಗಿದ ಮೇಲೇ ಕೋಳಿ ಒಳಗೆ ಬಿಡಿ.

ಕೋಳಿಗೆ ದೂಳಿನ ಸ್ನಾನ ಬೇಕು. ಮಳೆ ಬೀಳದ ಕಡೆ ಒಂದು ಗುಂಡಿ ಮಾಡಿ, ಒಣಮಣ್ಣು ಮತ್ತು ಜರಡಿ ಹಿಡಿದ ತಣ್ಣನೆಯ ಸೌದೆ ಬೂದಿ ತುಂಬಿ. ಬೂದಿರೋಗಕ್ಕೆ ದೂಳಿಸುವ ಗಂಧಕದ ಪುಡಿಯನ್ನು ಒಂದಿಷ್ಟು ಬೆರೆಸಿದರೆ ನುಸಿಗೂ ಹೇನಿಗೂ ಆಗುತ್ತೆ. ಬೆರೆಸುವಾಗ ಮೂಗಿಗೆ ಬಟ್ಟೆ ಕಟ್ಟಿ, ಕಣ್ಣು ಜೋಪಾನ. ಕಾವಿಗೆ ಕೂತ ಹೇಂಟೆ ಹೆಚ್ಚು ಹೊತ್ತು ಹೊರಗೆ ಬರೋದಿಲ್ಲ, ಅದಕ್ಕೇ ಹೇನು ಅದರ ಮೇಲೆ ಜಾಸ್ತಿ. ಕೂರಿಸುವ ಮೊದಲೇ ಅದರ ಮೈ ನೋಡಿ. ಕಾಲಿನ ನುಸಿಗೆ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಕಾಲು ತೊಳೆದು ಕೊಬ್ಬರಿ ಎಣ್ಣೆ ಹಚ್ಚಿ, ಕೆಲವು ವಾರ ಬಿಡದೆ ಮಾಡಿ.

ಒಂದು ಸಲ ಮಾಡಿ ಕೈ ತೊಳೆದುಕೊಂಡರೆ ದಂಡ. ಮದ್ದು ಹುಳುವನ್ನು ಕೊಲ್ಲುತ್ತೆ, ಸೀರನ್ನು ಕೊಲ್ಲೋದಿಲ್ಲ. ಒಡೆದು ಬಂದ ಮರಿಹುಳು ಮತ್ತೆ ಮೊಟ್ಟೆ ಇಡುವುದರೊಳಗೆ, ಅಂದರೆ ಸುಮಾರು ಹತ್ತನೇ ದಿನ, ಇನ್ನೊಮ್ಮೆ ಮಾಡಿ. ಇಪ್ಪತ್ತನೇ ದಿನ ಮತ್ತೊಮ್ಮೆ ನೋಡಿ. ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಕಡೆ ಕಟ್ಟಿಡಿ.

ಇಷ್ಟಕ್ಕೂ ಬಗ್ಗದಿದ್ದರೆ ಪಶುವೈದ್ಯರನ್ನು ಕೇಳಿ, ಅಂಗಡಿಯವನನ್ನಲ್ಲ. ಕೋಳಿಗೆ ಆಗುವ ಔಷಧಿ ಯಾವುದು, ಎಷ್ಟು, ಎಷ್ಟು ದಿನ ಮೊಟ್ಟೆ ತಿನ್ನಬಾರದು, ಮೂರನ್ನೂ ಕೇಳಿ ಬರೆಸಿಕೊಳ್ಳಿ. ದನದ ಔಷಧಿ, ಹೊಲದ ಔಷಧಿ ಮುಟ್ಟಬೇಡಿ. ನಮ್ಮ ಹಿರಿಯರು ಕೋಳಿಗೆ ಎರಚುತ್ತಿದ್ದ ಬಿಎಚ್‌ಸಿ ಪುಡಿ 1997ರಲ್ಲೇ ನಿಷೇಧವಾಯ್ತು. 2017ರಲ್ಲಿ ಹಾಲೆಂಡಿನಲ್ಲಿ ಏನಾಯ್ತು ಗೊತ್ತೇ? ಕೆಂಪು ನುಸಿ ತೆಗೆಯುತ್ತೇವೆಂದು ಬಂದವರು ಕಾನೂನು ಮೀರಿ ಫಿಪ್ರೊನಿಲ್ ಬಳಸಿದರು, ನಮ್ಮಲ್ಲಿ ಭತ್ತಕ್ಕೆ ಹಾಕುವ ಅದೇ ಫಿಪ್ರೊನಿಲ್. ವಿಷ ಮೊಟ್ಟೆಗೆ ಇಳಿಯಿತು. ನೂರಕ್ಕೂ ಮೀರಿ ಕೋಳಿ ಸಾಕಣೆಗಳ ಮೊಟ್ಟೆ ಮಾರಾಟ ನಿಂತಿತು, ಲಕ್ಷಾಂತರ ಮೊಟ್ಟೆ ಹಾಳಾದವು. ಔಷಧಿ ಹೊಡೆದವರು ಯಾರೋ, ಬಾಗಿಲು ಹಾಕಿಕೊಂಡವರು ಮೊಟ್ಟೆಯ ರೈತರು.

ನಿಮ್ಮೂರಿನ ಬೆಲೆ ಹಾಕಿ ನೀವೇ ಲೆಕ್ಕ ಮಾಡಿ. ಕೆಟ್ಟ ಹನ್ನೆರಡು ಮೊಟ್ಟೆಯ ಬೆಲೆ ಎಷ್ಟು? ಅದರಲ್ಲಿ ಎಂಟು ಮರಿ ಬೆಳೆದಿದ್ದರೆ ಎಷ್ಟು? ಬೂದಿ, ಬಿಸಿನೀರು, ಒಂದು ಡಬ್ಬ ಸುಣ್ಣಕ್ಕೆ ಎಷ್ಟು? ಬೆಲೆಗಾಗಿ ನಾವು ಬೀದಿಗೆ ಇಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿತ್ತಲಲ್ಲಿ ಸೋರುವುದನ್ನು ತಡೆಯಲು ಯಾವ ಸರ್ಕಾರದ ಅಪ್ಪಣೆಯೂ ಬೇಡ. ಈವತ್ತು ರಾತ್ರಿಯೇ ಬ್ಯಾಟರಿ, ಬಿಳಿ ಬಟ್ಟೆ ಹಿಡಿದು ಗೂಡಿಗೆ ಹೋಗಿ. ಜೊತೆಗೆ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಯಾವ ಕೋಳಿ ಎಂದಿನಿಂದ ಸೊರಗಿದೆ ಅಂತ ನಮಗಿಂತ ಚೆನ್ನಾಗಿ ಅವರಿಗೇ ಗೊತ್ತು.